ಡೈಮಂಡ್ ಪ್ಯಾಡೆಲ್ ರಾಕೆಟ್, ಮೊಣಕೈ ನೋವು

ಪ್ಯಾಡೆಲ್ (ಸುತ್ತ ಗಾಜಿನ ಗೋಡೆಯಿರುವ ಅಂಕಣದಲ್ಲಿ ಆಡುವ, ಟೆನಿಸ್‌ನಂಥ ಆಟ) ಆಡುವಾಗ ಮೊಣಕೈ ನೋವು ಯಾಕೆ ಅಂತ ಕೇಳಿದ್ದೀರಿ. ಮೂರೇ ತಿಂಗಳ ಆಟಕ್ಕೆ 375 ಗ್ರಾಂನ ಡೈಮಂಡ್, ಅಂದರೆ ವಜ್ರದಾಕಾರದ ರಾಕೆಟ್ ತಗೊಂಡಿದ್ದೀರಿ, ತೊಂದರೆ ಅದೇ ಇರಬೇಕು. ಅದರ ಭಾರ ತಲೆಯ ಕಡೆ ಜಾಸ್ತಿ. ಚೆಂಡು ಸರಿಯಾಗಿ ಕೂರುವ ಜಾಗ ಚಿಕ್ಕದು, ಅದೂ ಮೇಲ್ಗಡೆ. ಹಿಂದಿನ ಗಾಜಿಗೆ ಬಡಿದು ಬರುವ ಚೆಂಡನ್ನು ಆತುರದಲ್ಲಿ ಹೊಡೆದಾಗ ಆ ಜಾಗ ತಪ್ಪುತ್ತದೆ, ಅದುರು ನೇರ ಮೊಣಕೈಗೆ ಬರುತ್ತದೆ.

ಮೊದಲು ರಾಕೆಟ್‌ನ ಹಿಡಿ ನೋಡಿ. ತೀರಾ ತೆಳ್ಳಗಿದ್ದರೆ ಗೊತ್ತಿಲ್ಲದೆ ಬಿಗಿಯಾಗಿ ಹಿಡಿಯುತ್ತೇವೆ. ಇನ್ನೊಂದು ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ಪಟ್ಟಿ) ಸುತ್ತಿ. ಆಮೇಲೆ ಯಾರದ್ದಾದರೂ ದುಂಡು ರಾಕೆಟ್ ಕೇಳಿ ಎರಡು ಮ್ಯಾಚ್ ಆಡಿ: 355-360 ಗ್ರಾಂ, ಒಳಗೆ ಮೆತ್ತನೆಯ ಇವಿಎ ಫೋಮ್, ಫೈಬರ್‌ಗ್ಲಾಸ್ ಮುಖ. ನಿಮ್ಮ ಆಟದಲ್ಲಿ ಲಾಬ್ (ಎದುರಾಳಿಯ ತಲೆ ಮೇಲಿಂದ ಎತ್ತರಕ್ಕೆ ಹೊಡೆಯುವ ಹೊಡೆತ), ಡಿಫೆನ್ಸ್ ಜಾಸ್ತಿ ಅಂದಿದ್ದೀರಿ ಅಲ್ವಾ, ಅದಕ್ಕೆ ಇದೇ ಒಗ್ಗುತ್ತದೆ. ಸ್ಮ್ಯಾಶ್ ಸ್ವಲ್ಪ ಮೆತ್ತಗಾಗಬಹುದು. ನೋವಿಗೆ ರಾಕೆಟ್ ಒಂದೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಎರಡು ವಾರದಲ್ಲಿ ಇಳಿಯದಿದ್ದರೆ ಫಿಸಿಯೋಗೆ ತೋರಿಸಿ.