ಡಾರ್ಕ್‌ರೂಮಿನಲ್ಲಿ ಕಾಂಟ್ರಾಸ್ಟ್ (ಕಪ್ಪು-ಬಿಳಿಯ ಅಂತರ) ಹೆಚ್ಚಿಸುವ 4ನೇ ಫಿಲ್ಟರ್ ಹಾಕಿದರೂ ಕಪ್ಪು-ಬಿಳುಪು ಫೋಟೊ ಪ್ರಿಂಟ್ ಬೂದಿ ಬಣ್ಣಕ್ಕೇ ಬರುತ್ತಿದೆ, ಏಕೆ?

ಸದ್ಯಕ್ಕೆ ಫಿಲ್ಟರ್ ಮುಟ್ಟಬೇಡಿ. ಬಾತ್‌ರೂಮನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಮಲ್ಟಿಗ್ರೇಡ್ ಆರ್‌ಸಿ ಪೇಪರ್ (ಫಿಲ್ಟರಿನಿಂದ ಕಾಂಟ್ರಾಸ್ಟ್ ಬದಲಿಸಬಹುದಾದ, ಪ್ಲಾಸ್ಟಿಕ್ ಲೇಪದ ಫೋಟೊ ಪೇಪರ್) ಬಳಸುತ್ತಿದ್ದೇನೆ, ಕಪ್ಪು ಕಪ್ಪಾಗುವುದಿಲ್ಲ, ಬಿಳಿಯೂ ಮಬ್ಬು ಎಂದಿದ್ದೀರಿ. ಇವೆರಡೂ ಬೇರೆ ಬೇರೆ ಕಾಯಿಲೆ, ಒಂದೇ ಮದ್ದು ನಾಟುವುದಿಲ್ಲ.

ಮೊದಲು ಕಪ್ಪು ನೋಡೋಣ. ಪೇಪರಿನ ಒಂದು ಚೂರನ್ನು ಮಾಮೂಲಿ ಬಲ್ಬಿನ ಬೆಳಕಿಗೆ ಹಿಡಿದು ಪೂರ್ತಿ ಡೆವಲಪ್ ಮಾಡಿ. ಇಲ್ಫೋರ್ಡ್ ಮಲ್ಟಿಗ್ರೇಡ್ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) 1+9, ಅಂದರೆ 1 ಪಾಲಿಗೆ 9 ಪಾಲು ನೀರು, ಆದರೆ 20 ಡಿಗ್ರಿಯಲ್ಲಿ 1 ನಿಮಿಷ. ಆ ಪೇಪರಿನಿಂದ ಬರಬಹುದಾದ ಗರಿಷ್ಠ ಕಪ್ಪು ಅದೇ. ಅದೂ ಬೂದಿಯಾಗಿದ್ದರೆ ಡೆವಲಪರ್ ಸತ್ತಿದೆ, ಹೊಸದು ಕಲಸಿ. ಈ ಚೂರು ಕಪ್ಪಾಗಿ ಪ್ರಿಂಟ್ ಮಾತ್ರ ಆಗದಿದ್ದರೆ, ಹೆಚ್ಚಾಗಿ ನೀವು ಅದನ್ನು ಟ್ರೇಯಿಂದ ಬೇಗ ಎತ್ತುತ್ತಿದ್ದೀರಿ. ಎಕ್ಸ್‌ಪೋಷರ್ ಜಾಸ್ತಿಯಾದಾಗ 20-25 ಸೆಕೆಂಡಿಗೇ ಚಿತ್ರ ಕಪ್ಪಾಗತೊಡಗುತ್ತದೆ. ಸೇಫ್‌ಲೈಟಿನಲ್ಲಂತೂ (ಪೇಪರಿಗೆ ತಾಗಬಾರದ ಬಣ್ಣದ ಡಾರ್ಕ್‌ರೂಮ್ ದೀಪ) ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಗಾಬರಿಯಾಗದೆ ನಿಮಿಷ ಮುಗಿಸಿ, ಬದಲಾವಣೆ ಏನಿದ್ದರೂ ಎನ್ಲಾರ್ಜರ್ (ನೆಗೆಟಿವನ್ನು ಪೇಪರಿನ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಟೈಮಿನಲ್ಲಿ ಮಾಡಿ.

ಇನ್ನು ಬಿಳಿ. ಸೇಫ್‌ಲೈಟೂ ಆರಿಸಿ, ಪೂರ್ತಿ ಕತ್ತಲಲ್ಲಿ ಎರಡು ಚೂರು ತೆಗೆದುಕೊಳ್ಳಿ. ಒಂದನ್ನು ನೇರ ಫಿಕ್ಸರಿಗೆ (ಚಿತ್ರವನ್ನು ಬೆಳಕಿಗೆ ಕೆಡದಂತೆ ಕಾಯಂ ಮಾಡುವ ದ್ರಾವಣ) ಹಾಕಿ. ಇನ್ನೊಂದನ್ನು 1 ನಿಮಿಷ ಡೆವಲಪರ್‌ನಲ್ಲಿಟ್ಟು, ಸ್ಟಾಪ್ ಬಾತ್ (ಡೆವಲಪ್ ನಿಲ್ಲಿಸುವ ದ್ರಾವಣ) ದಾಟಿಸಿ ಫಿಕ್ಸರಿಗೆ ಹಾಕಿ. ಎರಡನೆಯದು ಬೂದಿಯಾದರೆ ಪೇಪರ್ ಹಳತಾಗಿದೆ ಅಥವಾ ಪ್ಯಾಕೆಟ್ಟಿಗೆ ಬೆಳಕು ನುಗ್ಗಿದೆ. ಮಬ್ಬು ತಡೆಯುವ ರಾಸಾಯನಿಕ ಬೆಂಜೋಟ್ರಯಜೋಲ್ ಹಾಕಿ ಒದ್ದಾಡುವುದಕ್ಕಿಂತ ಹೊಸ ಪ್ಯಾಕೆಟ್ ಕೊಳ್ಳುವುದೇ ಲಾಭ.

ಎರಡೂ ಬಿಳಿಯಾಗಿದ್ದರೆ ಸೇಫ್‌ಲೈಟಿನ ಮೇಲೆ ಅನುಮಾನ. ಬರೀ ಪೇಪರಿನ ಮೇಲೆ ನಾಣ್ಯ ಇಟ್ಟು ನೋಡಿದರೆ ಸಾಲದು. ತಾನೊಂದೇ ಪೇಪರನ್ನು ಬೂದಿ ಮಾಡಲಾರದಷ್ಟು ಕಡಿಮೆ ಬೆಳಕೂ ಎನ್ಲಾರ್ಜರ್ ಎಕ್ಸ್‌ಪೋಷರ್ ಜೊತೆ ಸೇರಿ ಹೈಲೈಟನ್ನು, ಅಂದರೆ ಚಿತ್ರದ ಬಿಳಿ ಭಾಗವನ್ನು, ತಿನ್ನುತ್ತದೆ. ಆದ್ದರಿಂದ ನೆಗೆಟಿವ್ ಇಲ್ಲದೆ, ತಿಳಿ ಬೂದಿ ಬರುವಷ್ಟು ಎನ್ಲಾರ್ಜರ್ ಬೆಳಕು ಮೊದಲೇ ಕೊಡಿ. ಆಮೇಲೆ ನಾಣ್ಯ ಇಟ್ಟು ಸೇಫ್‌ಲೈಟಿನಡಿ 5 ನಿಮಿಷ ಬಿಟ್ಟು, ಕತ್ತಲಲ್ಲಿ ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ಕಳ್ಳ ಸಿಕ್ಕ. ಅಂಗಡಿಯ ಕೆಂಪು ಜೀರೋ ಬಲ್ಬಿನ ಬಣ್ಣ ತೆಳುವಾದ ಕಡೆ ಬಿಳಿ ಬೆಳಕು ಸೋರುತ್ತದೆ, ನಂಬಬೇಡಿ. ಸರಿಯಾದ ಸೇಫ್‌ಲೈಟ್ ಫಿಲ್ಟರಿನ ಹಿಂದೆ 15 ವ್ಯಾಟ್ ಬಲ್ಬ್, ಟ್ರೇಯಿಂದ ಕನಿಷ್ಠ 1.2 ಮೀಟರ್ ದೂರ.

ಸೇಫ್‌ಲೈಟೂ ಸರಿಯಿದ್ದರೆ ಎನ್ಲಾರ್ಜರಿನ ಲೆನ್ಸಿಗೆ ಟಾರ್ಚ್ ಹಿಡಿದು ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಳಗೆ ಬೂಸ್ಟು ಹಿಡಿಯುವುದು ಮಾಮೂಲು. ನೆಗೆಟಿವಿನ ತೆಳು ಭಾಗದಿಂದ ಬಂದ ಬೆಳಕು ಅದರಿಂದ ಚದುರಿ ಬಿಳಿಯ ಮೇಲೆ ಬೀಳುತ್ತದೆ. ಎನ್ಲಾರ್ಜರಿಗೆ ಎಲ್‌ಇಡಿ ಬಲ್ಬ್ ಹಾಕಿದ್ದರೆ ಫಿಲ್ಟರ್ ನಂಬರಿಗೂ ಸಿಗುವ ಕಾಂಟ್ರಾಸ್ಟಿಗೂ ತಾಳೆಯಾಗದಿರಬಹುದು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ನೆಗೆಟಿವಿನ ಸರದಿ. ಫಿಲ್ಮಿನ ಖಾಲಿ ಅಂಚನ್ನು 2ನೇ ಫಿಲ್ಟರಿನಲ್ಲಿ ಎರಡೆರಡು ಸೆಕೆಂಡಿನ ಟೆಸ್ಟ್ ಸ್ಟ್ರಿಪ್ (ಒಂದೇ ಚೂರಿನಲ್ಲಿ ಪಟ್ಟಿಯಿಂದ ಪಟ್ಟಿಗೆ ಸಮಯ ಹೆಚ್ಚಿಸುತ್ತ ಹೋಗುವುದು) ಮಾಡಿ, ಕಪ್ಪು ಇನ್ನು ಹೆಚ್ಚದ ಮೊದಲ ಪಟ್ಟಿಯ ಸಮಯಕ್ಕೆ ಇಡೀ ಚಿತ್ರ ಪ್ರಿಂಟ್ ಮಾಡಿ. ಬಿಳಿ ಪಂಚೆಯೂ ಬೂದಿಯಾಗಿ ಬಂದರೆ ನೆಗೆಟಿವ್ ಸಪ್ಪೆ, ಕಾಂಟ್ರಾಸ್ಟ್ ಕಡಿಮೆ. ಆಗ 3 ಅಥವಾ 4 ಹಾಕಿ; ಇಲ್ಫೋರ್ಡ್ ಫಿಲ್ಟರುಗಳಲ್ಲಿ 4ರಿಂದ ಮೇಲೆ ಸಮಯ ದುಪ್ಪಟ್ಟು ಬೇಕು. ಮುಂದಿನ ರೋಲಿಗೆ ಡೆವಲಪ್ ಸಮಯ ಶೇ. 15-20 ಹೆಚ್ಚಿಸಿ. ನೆಗೆಟಿವಿನಲ್ಲಿ ನೆರಳಿನ ಜಾಗ ಗಾಜಿನಂತೆ ಖಾಲಿಯಿದ್ದರೆ ಮಾತ್ರ ಡೆವಲಪ್ ಹೆಚ್ಚಿಸಿ ಪ್ರಯೋಜನವಿಲ್ಲ, ಕ್ಯಾಮೆರಾದಲ್ಲೇ ಒಂದು ಸ್ಟಾಪ್ ಹೆಚ್ಚು, ಅಂದರೆ ದುಪ್ಪಟ್ಟು ಬೆಳಕು, ಕೊಡಿ.