ಪ್ರತಿಕ್ರಿಯೆ: ಡಿಪ್ಲೊಮಾ ಸಾಕೇ, ಬಿ.ಎಸ್ಸಿ. ಬೇಕೇ?

ಸಕಲೇಶಪುರದವರೇ, ಪಿಯುಸಿ ವಿಜ್ಞಾನ ಮುಗಿಸಿದ ನಿಮ್ಮ ತಂಗಿ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಓದಿ ಮುಂದೆ ಊರಿನಲ್ಲೇ ಸ್ವಂತ ಲ್ಯಾಬ್ ತೆರೆದು ವರದಿಗೆ ಸಹಿ ಹಾಕಬಹುದೇ ಎಂದು ಕೇಳಿದ್ದೀರಿ. ಸಹಿಯ ಆಸೆಯನ್ನು ಈಗಲೇ ಬಿಡಲಿ. ಪೆಥಾಲಜಿಯಲ್ಲಿ, ಅಂದರೆ ರೋಗಶಾಸ್ತ್ರದಲ್ಲಿ, ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಮಾಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ದಾರಿಗೆ ನೀಟ್, ಎಂಬಿಬಿಎಸ್, ಆಮೇಲೆ ಮೂರು ವರ್ಷದ ಎಂ.ಡಿ. ಬೇಕು.

ತಂತ್ರಜ್ಞೆಯಾಗಲು ಡಿಪ್ಲೊಮಾ ಸಾಕು. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ವಿಜ್ಞಾನದವರಿಗೆ ಎರಡು. ಆದರೂ ನನ್ನನ್ನು ಕೇಳಿದರೆ ಇದೇ ವಿಷಯದ ಬಿ.ಎಸ್ಸಿ.ಯೇ ಸರಿ: ಮೂರು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್, ಮುಂದೆ ಎಂ.ಎಸ್ಸಿ.ಗೂ ಬಾಗಿಲು ತೆರೆದಿರುತ್ತದೆ.

ಕಾಲೇಜಿನ ಕಟ್ಟಡ ನೋಡಿ ಸೇರಿಸಬೇಡಿ. ರೋಗಿಗಳು ಸಾಲುಗಟ್ಟಿ ನಿಲ್ಲುವ ಆಸ್ಪತ್ರೆಯಲ್ಲಿ ಕೈ ಪಳಗಬೇಕು. ಹಾಸನದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜನ ರಕ್ತ ತೆಗೆಯುವಾಗ ಸಿರಿಂಜನ್ನು ಜೋರಾಗಿ ಎಳೆದು ಕೆಂಪು ರಕ್ತಕಣಗಳನ್ನು ಒಡೆದುಬಿಟ್ಟಿದ್ದೆ. ಕಣಗಳೊಳಗಿನ ಪೊಟ್ಯಾಷಿಯಂ ಹೊರಸೋರಿ ಪರೀಕ್ಷೆಯಲ್ಲಿ ಅದು ಸುಳ್ಳೇ ಹೆಚ್ಚಿಗೆ ಬಂತು. ಸೀರಂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ, ಕೆಂಪಾಗಿದ್ದುದನ್ನು ಹಿರಿಯರೊಬ್ಬರು ಗಮನಿಸಿ ಮತ್ತೆ ರಕ್ತ ತೆಗೆಸಿದರು. ಅಜ್ಜನಿಗೆ ಎರಡನೇ ಚುಚ್ಚು, ನನಗೆ ಬೈಗುಳ. ಇದನ್ನೆಲ್ಲ ಯಂತ್ರ ಕಲಿಸುವುದಿಲ್ಲ.

ಸೇರುವ ಮುನ್ನ ಡಿಪ್ಲೊಮಾ ಆದರೆ ಪ್ಯಾರಾಮೆಡಿಕಲ್ ಮಂಡಳಿಯ, ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ನೋಡಿಕೊಳ್ಳಿ.