ರೋಗಿಯನ್ನು ಕೇಳಿಯೇ ಚಿಕಿತ್ಸೆ ಮಾಡಬೇಕು ಅನ್ನೋದು ಹಳೇ ಕಾಲದಿಂದ ಇತ್ತಾ?

ಇಲ್ಲ, ಇದು ತೀರಾ ಈಚಿನದು. ಗುಟ್ಟು ಕಾಪಾಡುವ ನಿಯಮ ಮಾತ್ರ ಹಳೆಯದು: ರೋಗಿಯ ಮನೆಯ ವಿಷಯ ಹೊರಗೆ ಆಡಬಾರದು ಅಂತ ಚರಕ ಸಂಹಿತೆಯಲ್ಲೇ ಇದೆ. ಆಯಸ್ಸು ಮುಗಿದಿದ್ದು ಗೊತ್ತಾದರೂ, ಕೇಳಿದವರಿಗೆ ಆಘಾತವಾಗುವಂತಿದ್ದರೆ ಹೇಳಬೇಡ ಅಂತಲೂ ಅದರಲ್ಲೇ ಇದೆ!

ವಿರಾಜಪೇಟೆಯಲ್ಲಿ ನಮ್ಮ ಅಜ್ಜಿಗೂ ಹಾಗೇ ಆಯ್ತು. ಡಾಕ್ಟರು ಎಲ್ಲವನ್ನೂ ಮಾವನಿಗೆ ಹೇಳಿದರು. ಅಜ್ಜಿ ಒದ್ದೆ ಕೊಡೆ ಹಿಡಿದು ಬೆಂಚಿನ ಮೇಲೆ ಸುಮ್ನೆ ಕೂತಿದ್ದರು.

1847ರ ಅಮೆರಿಕದ ವೈದ್ಯ ಸಂಘದ ನೀತಿಯಂತೂ ರೋಗಿ ಮರುಮಾತಾಡದೆ ಪಾಲಿಸಬೇಕು ಅಂದಿತ್ತು. ನಾಜಿ ವೈದ್ಯರ ವಿಚಾರಣೆಯ ನಂತರ, 1947ರ ನ್ಯೂರೆಂಬರ್ಗ್ ಸಂಹಿತೆ ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕಡ್ಡಾಯ ಅಂದಿತು. ನಮ್ಮಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಸಾಲದು ಅಂತ ಹೇಳಿತು.